ಸೆರೆಮನೆಯ ವಿಳಾಸ

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ್ದೆ. ನಮ್ಮ ಮೊಹಲ್ಲಾದಲ್ಲಿ ಎರಡೂ ಲಿಪಿ ಓದಿ ಬರೆಯುವ ಹುಡುಗರು ಕಡಿಮೆ. ಹೀಗಾಗಿ ರೇಷನ್ ಕಾರ್ಡಿನ ಅರ್ಜಿ, ದುಬೈಯಿಂದ ಬಂದ ಕಾಗದ, ಆಸ್ಪತ್ರೆಯ ಚೀಟಿ ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ಒಂದು ಮುಂಜಾನೆ ಪಕ್ಕದ ಓಣಿಯ ಖಾಲಾ ಬಂದು, "ಬೇಟಾ, ನನ್ನ ಜೊತೆ ಜೈಲಿಗೆ ಬರ್ತೀಯಾ?" ಎಂದು ಕೇಳಿದರು. ಅವರ ಮಗನನ್ನು ಒಂದು ಹೊಡೆದಾಟದ ಕೇಸಿನಲ್ಲಿ ಹಿಡಿದಿದ್ದರು. ಮೊದಲು ತಾಲೂಕಿನ ಸಬ್ ಜೈಲಿನಲ್ಲಿಟ್ಟಿದ್ದರು. ಆಮೇಲೆ ಯಾರೋ 'ದೊಡ್ಡ ಜೈಲಿಗೆ ಕಳಿಸಿದರಂತೆ' ಎಂದಿದ್ದರು. ಯಾವ ದೊಡ್ಡ ಜೈಲು ಎಂದು ಯಾರೂ ಹೇಳಿರಲಿಲ್ಲ.

ಅಬ್ಬಾ ವಿಚಾರಿಸಿ ಒಂದು ಊರಿನ ಹೆಸರು ಹೇಳಿದರು. ಆರು ತಾಸಿನ ಬಸ್ಸು ಪ್ರಯಾಣ. ಕಿಟಕಿಯ ಆಚೆ ಕುಳಿತಿದ್ದವರು ರಿಜಿಸ್ಟರಿನ ಪುಟಗಳನ್ನು ಎರಡು ಸಲ ತಿರುವಿ, "ಈ ಹೆಸರಿನವರು ಇಲ್ಲಿಲ್ಲ" ಎಂದರು. ಖಾಲಾ ಹೇಳಿದ್ದು ಮನೆಯಲ್ಲಿ ಕರೆಯುವ ಹೆಸರು. ಶಾಲೆಯ ದಾಖಲೆಯಲ್ಲಿದ್ದದ್ದು ಇನ್ನೊಂದು. ಪೊಲೀಸರು ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದು ಮೂರನೆಯದು. ನಮ್ಮ ಹೆಸರುಗಳಿಗೆ ಇದು ಹೊಸದಲ್ಲ. ಮುಹಮ್ಮದ್ ಎಂಬುದು ಮಹಮದ್, ಮೊಹಮ್ಮದ್, ಮಹಮ್ಮದ್ ಎಂದೆಲ್ಲ ಆಗುತ್ತದೆ, ಕೊನೆಗೆ ಬರೀ 'ಎಂಡಿ' ಎಂದೂ ಆಗುತ್ತದೆ. ಆ ದಿನ ನಾವು ಹಾಗೆಯೇ ವಾಪಸಾದೆವು. ಒಳಗೆ, ಬಹುಶಃ ನೂರು ಗಜದ ದೂರದಲ್ಲಿ, ಅವರ ಮಗ ಇದ್ದ. ಮುಂದಿನ ವಾರ ವಕೀಲರ ಗುಮಾಸ್ತ ಒಂದು ಚೀಟಿಯಲ್ಲಿ ಕ್ರೈಂ ನಂಬರ್ ಬರೆದುಕೊಟ್ಟ ಮೇಲೆ ಆತ ಸಿಕ್ಕ.

ಆಮೇಲೆ ಕಥೆಗಾರನಾಗಿ ನಾನು ಹಲವು ಸೆರೆಮನೆಗಳ ಬಗ್ಗೆ ಓದಿದೆ. ಕೈದಿಗಳ ಬಗ್ಗೆ, ಗಲ್ಲಿನ ಬಗ್ಗೆ, ಸತ್ಯಾಗ್ರಹಿಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಗೋಡೆಯ ಹೊರಗೆ ನಿಂತು 'ನಮ್ಮವರು ಎಲ್ಲಿದ್ದಾರೆ' ಎಂದು ಕೇಳಿದವರ ಚರಿತ್ರೆ ಮಾತ್ರ ಬಿಡಿಬಿಡಿಯಾಗಿ, ಇತರರ ಪತ್ರಗಳ ಅಂಚಿನಲ್ಲಿ ಸಿಗುತ್ತದೆ. ಅಂಥ ಕೆಲವು ಅಂಚುಗಳನ್ನು ಇಲ್ಲಿ ಜೋಡಿಸಿಕೊಂಡಿದ್ದೇನೆ.

ಮಿರ್ಜಾ ಗಾಲಿಬ್‌ನಿಂದ ಆರಂಭಿಸುವುದು ಸರಿಯೆನಿಸುತ್ತದೆ. ಆತನಿಗೆ ಈ ವಿಷಯ ಎರಡೂ ಬದಿಯಿಂದ ಗೊತ್ತಿತ್ತು. 1847ರಲ್ಲಿ ಮನೆಯಲ್ಲಿ ಜೂಜಾಡಿಸಿದ ಆರೋಪದ ಮೇಲೆ ಆತನಿಗೆ ಆರು ತಿಂಗಳ ಕಠಿಣ ಸಜೆ ಮತ್ತು 200 ರೂಪಾಯಿ ದಂಡ ಬಿತ್ತು. ಮತ್ತೆ 50 ರೂಪಾಯಿ ಕಟ್ಟಿದರೆ ಮೈಮುರಿಯುವ ಕೆಲಸ ಮಾಫಿ. ಮೂರು ತಿಂಗಳಿಗೆ ಬಿಡುಗಡೆಯಾಯಿತು. ಆ ಮೂರು ತಿಂಗಳಲ್ಲಿ ದಿಲ್ಲಿಯ ಗೆಳೆಯರಲ್ಲಿ ಹಲವರು ಮುಖ ತಿರುಗಿಸಿದರು, ನಂಟರು ನಂಟಸ್ತಿಕೆಯನ್ನೇ ಮರೆಯಲೆತ್ನಿಸಿದರು. ಜೈಲಿನ ಬಾಗಿಲಿಗೆ ತಪ್ಪದೆ ಬಂದವರು ನವಾಬ್ ಮುಸ್ತಫಾ ಖಾನ್ ಶೇಫ್ತಾ. ಆ ಋಣವನ್ನು ಗಾಲಿಬ್ ಜೈಲಿನಲ್ಲೇ ರಚಿಸಿದ ಪಾರಸಿ ಪದ್ಯದಲ್ಲಿ ಶೇಫ್ತಾರ ಹೆಸರೆತ್ತಿ ನೆನೆದಿದ್ದಾನೆ.

ಹತ್ತು ವರ್ಷ ಕಳೆಯಿತು. 1857 ಬಂತು, ಹೋಯಿತು. ಈಗ ಶೇಫ್ತಾರಿಗೇ ಏಳು ವರ್ಷದ ಸಜೆ. 1859ರಲ್ಲಿ ಅದು ಮಾಫಿಯಾಗಿ ಅವರು ಹೊರಬಂದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅರವತ್ತು ದಾಟಿದ ಗಾಲಿಬ್ ಟಪ್ಪಾಲು ಗಾಡಿ ಹತ್ತಿ ಮೀರತ್‌ಗೆ ಹೋದ. ಗೆಳೆಯನ ಮುಖ ನೋಡಿ ನಾಲ್ಕು ದಿನ ಅಲ್ಲೇ ಇದ್ದು ಬಂದ. ಪಿಂಚಣಿ ನಿಂತುಹೋಗಿ, ಕೈಯಲ್ಲಿ ಕಾಸಿಲ್ಲದಿದ್ದ ಕಾಲ ಅದು.

ಇನ್ನೊಬ್ಬ ಗೆಳೆಯನ ಬಳಿಗೆ ಹೀಗೆ ಹೋಗುವಂತಿರಲಿಲ್ಲ. ಮೌಲಾನಾ ಫಜ್ಲೆ ಹಕ್ ಖೈರಾಬಾದಿ ದೊಡ್ಡ ವಿದ್ವಾಂಸರು, ತರ್ಕಶಾಸ್ತ್ರದಲ್ಲಿ ಅವರಿಗೆ ಸಮನಾದವರು ಆಗ ಉತ್ತರ ಹಿಂದೂಸ್ತಾನದಲ್ಲಿ ಕಡಿಮೆ. ಬಂಡಾಯಕ್ಕೆ ಕುಮ್ಮಕ್ಕು ಕೊಟ್ಟರೆಂದು ಅವರನ್ನು 1859ರಲ್ಲಿ ಅಂಡಮಾನಿಗೆ ಕಳಿಸಿದರು. ಆ ದ್ವೀಪದಲ್ಲಿ ಕೈದಿಗಳ ನೆಲೆ ತೆರೆದದ್ದೇ 1858ರ ಮಾರ್ಚ್‌ನಲ್ಲಿ. ಅಲ್ಲಿಂದ ಸುದ್ದಿ ಬರಬೇಕಾದರೆ ಕಲ್ಕತ್ತೆಯ ಮೂಲಕವೇ ಬರಬೇಕು. ಗಾಲಿಬ್ ಮಾಡಿದ್ದನ್ನು ನೋಡಿ: ತಿರುಗಾಟವೇ ಬದುಕಾಗಿದ್ದ ಶಿಷ್ಯ ಮಿಯಾಂದಾದ್ ಖಾನ್ ಸೈಯಾಹ್ ಕಲ್ಕತ್ತೆ ತಲುಪಿದ್ದಾನೆಂದು ತಿಳಿದೊಡನೆ ಅವನಿಗೊಂದು ಪತ್ರ ಬರೆದ. ಅಲ್ಲಿ ಎಲ್ಲ ಸಾಹೇಬರನ್ನೂ ಕಾಣುತ್ತಿದ್ದೀಯಲ್ಲ, ಮೌಲವಿಯವರ ಸಂಗತಿ ಸರಿಯಾಗಿ ವಿಚಾರಿಸು, ಯಾಕೆ ಬಿಡುಗಡೆಯಾಗಲಿಲ್ಲ, ದ್ವೀಪದಲ್ಲಿ ಹೇಗಿದ್ದಾರೆ ಎಂದು ತಿಳಿದು ಬರೆ ಎಂಬುದು ಅದರ ತಾತ್ಪರ್ಯ. ಉರ್ದು ಗದ್ಯದ ಸೊಗಸಿಗೆ ಗಾಲಿಬನ ಪತ್ರಗಳನ್ನು ಶಾಲೆಯಲ್ಲಿ ನಮಗೆ ಪಾಠ ಮಾಡುತ್ತಿದ್ದರು. ಈ ಪತ್ರದಲ್ಲಿ ಸೊಗಸೇನೂ ಇಲ್ಲ. ಜೈಲಿನ ಕಿಟಕಿಯ ಮುಂದೆ ಖಾಲಾ ಕೇಳಿದ ಪ್ರಶ್ನೆಗಳೇ ಅದರಲ್ಲಿವೆ.

ಫಜ್ಲೆ ಹಕ್ 1861ರಲ್ಲಿ ದ್ವೀಪದಲ್ಲೇ ತೀರಿಕೊಂಡರು. ಅವರು ಅರಬಿಯಲ್ಲಿ ಬರೆದ ಬಂಡಾಯದ ವೃತ್ತಾಂತ ಮಾತ್ರ ಊರು ಸೇರಿತು. ಇದ್ದಿಲಿನಿಂದ ಬಟ್ಟೆಯ ಚೂರುಗಳ ಮೇಲೆ ಬರೆದದ್ದನ್ನು, ಬಿಡುಗಡೆಯಾಗಿ ಹೊರಟ ಮುಫ್ತಿ ಇನಾಯತ್ ಅಹ್ಮದ್ ಕಾಕೋರವಿ ತಂದು ಮಗನಿಗೆ ಮುಟ್ಟಿಸಿದರೆಂದು ನಮ್ಮ ಮದ್ರಸಾಗಳಲ್ಲಿ ಹೇಳುತ್ತಾರೆ. ಬಿಡುಗಡೆಯ ಹುಕುಂ ಹಿಡಿದು ಮಗ ದ್ವೀಪಕ್ಕೆ ಇಳಿದ ದಿನವೇ ತಂದೆಯ ಜನಾಜಾ ಎದುರಾಯಿತೆಂಬ ಮಾತೂ ಇದೆ. ಈ ಎರಡನೆಯ ಕಥೆ ನಿಜವೋ ಅಲ್ಲವೋ, ಅದನ್ನು ಹೇಳಿಕೊಂಡು ಬಂದವರಿಗೆ ಕಾಲಾಪಾನಿಯ ದೂರ ಎಷ್ಟೆಂದು ಗೊತ್ತಿತ್ತು. ದೂರ ಎನ್ನುವುದು ಸಜೆಯ ಜೊತೆಗೆ ಬಂದದ್ದಲ್ಲ, ಅದೇ ಸಜೆಯಾಗಿತ್ತು. ಮುಂದೆ 1906ರಲ್ಲಿ ಸೆಲ್ಯುಲರ್ ಜೈಲು ಎದ್ದು ನಿಂತಾಗ ಅಲ್ಲಿನ ಕೈದಿಗೆ ಊರಿಗೆ ಬರೆಯಲು ಸಿಗುತ್ತಿದ್ದದ್ದು ವರ್ಷಕ್ಕೊಂದು ಕಾಗದ.

ಅಕ್ಷರ ಬಲ್ಲವನಿಗೆ ಅಲ್ಲಿ ಎಂಥ ಬೆಲೆ ಇತ್ತೆಂಬುದು ಜಾಫರ್ ಥಾನೇಸರಿಯವರ ಆತ್ಮಕಥೆಯಲ್ಲಿ ಕಾಣುತ್ತದೆ. 1864ರ ಅಂಬಾಲಾ ಮೊಕದ್ದಮೆಯಲ್ಲಿ ಗಲ್ಲು ಶಿಕ್ಷೆಯಾಗಿ, ಅದು ಗಡೀಪಾರಾಗಿ ಬದಲಾಗಿ, 1866ರಲ್ಲಿ ಅಂಡಮಾನ್ ತಲುಪಿದವರು ಅವರು. 1883ರಲ್ಲಿ ವಾಪಸಾದರು. ಅಲ್ಲಿ ಮುನ್ಷಿಯಾಗಿ, ಇಂಗ್ಲಿಷ್ ಕಲಿತು, ಇತರ ಕೈದಿಗಳ ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ಹೊರಗಿರಲಿ ಒಳಗಿರಲಿ, ಬರೆಯಲು ಬಾರದವನು ಬರೆಯುವವನನ್ನು ಹುಡುಕಲೇಬೇಕು.

ಬರೆಯಬಲ್ಲ ಹೆಂಗಸೊಬ್ಬಳು ಮನೆಯಲ್ಲಿದ್ದರೆ ಏನಾಗುತ್ತಿತ್ತು? 1908ರ ಜೂನ್‌ನಲ್ಲಿ ಹಸರತ್ ಮೊಹಾನಿಯವರನ್ನು ಅವರ 'ಉರ್ದು-ಎ-ಮುಅಲ್ಲಾ' ಪತ್ರಿಕೆಯ ಒಂದು ಲೇಖನಕ್ಕಾಗಿ ಅಲೀಗಢದಲ್ಲಿ ಬಂಧಿಸಿದಾಗ ಮನೆಯಲ್ಲಿ ಹಸುಗೂಸು ಜ್ವರದಿಂದ ಮಲಗಿತ್ತು. ಹೆಂಡತಿ ನಿಶಾತುನ್ನಿಸಾ ಬೇಗಂ ಪರದೆಯಲ್ಲಿ ಬೆಳೆದವರು, ಆದರೆ ಉರ್ದು, ಪಾರಸಿ ಬಲ್ಲವರು. ಅವರು ಜೈಲಿನ ಸೂಪರಿಂಟೆಂಡೆಂಟರ ಮೂಲಕ ಗಂಡನಿಗೆ ಪತ್ರ ಕಳಿಸಿದರು. ಅದರಲ್ಲಿ ಅಳು ಇರಲಿಲ್ಲ. ಮನೆಯ ಚಿಂತೆ ಬಿಡಿ, ಬಂದದ್ದನ್ನು ಧೈರ್ಯವಾಗಿ ಎದುರಿಸಿ, ನಿಮ್ಮಿಂದ ಯಾವ ಅಳುಕೂ ಕಾಣಿಸದಿರಲಿ ಎಂದಿತ್ತು. ಪತ್ರವನ್ನು ಮೊದಲು ಓದುವುದು ಅಧಿಕಾರಿ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗಂಡನಿಗೆ ಹೇಳಿದ್ದನ್ನು ಅಧಿಕಾರಿಗೂ ಹೇಳಿದಂತಾಯಿತು ಎಂದು ನನಗೆ ಅನಿಸುತ್ತದೆ. 1917ರಲ್ಲಿ, ಹಸರತ್ ಎರಡನೇ ಸಲ ಒಳಗಿದ್ದಾಗ, ಮದರಾಸಿನಲ್ಲಿ ಮಾಂಟೆಗೂ ಅವರನ್ನು ಕಂಡ ಮಹಿಳೆಯರ ನಿಯೋಗದಲ್ಲಿ ಈ ಬೇಗಂ ಕೂಡ ಇದ್ದರು.

ಈಗ ನಮ್ಮ ಬಳ್ಳಾರಿಗೆ ಬರೋಣ. ಅಂದು ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1921ರ ಆಗಸ್ಟ್‌ನಲ್ಲಿ ಮಲಬಾರಿನಲ್ಲಿ ಮಾಪಿಳ್ಳೆಯರ ದಂಗೆ ಎದ್ದಿತು. ಸಾವಿರಾರು ಜನರನ್ನು ಹಿಡಿದರು. ಮಲಬಾರಿನ ಜೈಲುಗಳು ತುಂಬಿದವು. ಉಳಿದವರನ್ನು ಪ್ರಾಂತ್ಯದ ಬೇರೆ ಊರುಗಳಿಗೆ ಸಾಗಿಸತೊಡಗಿದರು. ಆ ಊರುಗಳಲ್ಲಿ ಬಳ್ಳಾರಿಯೂ ಒಂದು. ಅದೇ ವರ್ಷ ನವೆಂಬರ್ 19ರ ರಾತ್ರಿ ತಿರೂರಿನಲ್ಲಿ ನೂರು ಜನ ಕೈದಿಗಳನ್ನು ಗಾಳಿಯಾಡದ ಒಂದು ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಾಗಿಲು ಹಾಕಿದರು. ಬಳ್ಳಾರಿಗೆ ಹೊರಟವರು ಅವರು. ಪೋದನೂರಿನಲ್ಲಿ ಬಾಗಿಲು ತೆಗೆದಾಗ ಐವತ್ತಕ್ಕಿಂತ ಹೆಚ್ಚು ಜನ ಉಸಿರುಗಟ್ಟಿ ಸತ್ತಿದ್ದರು, ಆಮೇಲೆ ಸತ್ತವರೂ ಸೇರಿ ಎಪ್ಪತ್ತು. ವ್ಯಾಗನ್ ದುರಂತ ಎಂದು ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಇರುತ್ತದೆ. ಏರನಾಡಿನ ಹಳ್ಳಿಗಳಲ್ಲಿ ಮನೆಯವನು ಬಳ್ಳಾರಿಗೆ ಹೋಗಿದ್ದಾನೆಂದೇ ನಂಬಿ ಎಷ್ಟು ದಿನ ಕಾದರೋ, ಆ ಲೆಕ್ಕ ಎಲ್ಲೂ ಇಲ್ಲ.

ಬಳ್ಳಾರಿ ತಲುಪಿದವರ ಪಾಡೂ ಯೋಚಿಸುವಂಥದ್ದೇ. ತೆಂಗು, ತೋಡು, ಮಳೆಯ ನಾಡಿನಿಂದ ಬಂಡೆ ಬಿಸಿಲಿನ ನಾಡಿಗೆ ಬಂದರು. ಸುತ್ತಲೂ ಕನ್ನಡ, ತೆಲುಗು. ಊರಿನ ಮುಸ್ಲಿಮರು ಆಡುವುದು ದಖ್ಖನಿ. ಮಾಪಿಳ್ಳೆ ಹೆಂಗಸರಿಗೆ ಬರುತ್ತಿದ್ದ ಲಿಪಿಯೆಂದರೆ ಮದ್ರಸಾದಲ್ಲಿ ಕಲಿತ ಅರಬಿ-ಮಲಯಾಳ, ಅಂದರೆ ಅರಬಿ ಅಕ್ಷರಗಳಲ್ಲಿ ಬರೆದ ಮಲಯಾಳಂ ಮಾತು. ಅಂಥ ಕಾಗದ ಬಳ್ಳಾರಿಯ ಜೈಲಿನ ಮೇಜಿಗೆ ಬಂದರೆ ಅದನ್ನು ನೋಡಿದ ಅಧಿಕಾರಿಗೆ ಏನನ್ನಿಸಿರಬಹುದು!

ಆದರೂ ಬಳ್ಳಾರಿ ಜೈಲಿಗೆಂದು ಬರೆದ ಒಂದು ಕಾಗದ ಮಾಪಿಳ್ಳೆಯರ ಸಾಹಿತ್ಯದಲ್ಲಿ ಉಳಿದುಕೊಂಡಿದೆ. 'ಮರಿಯಕುಟ್ಟಿಯ ಕತ್ತ್' ಎಂದು ಅದರ ಹೆಸರು. ಕತ್ತ್ ಎಂದರೆ ನಮ್ಮ ಖತ್, ಪತ್ರ. ವಂಡೂರಿನ ಕವಿ ಪುಲಿಕ್ಕೋಟಿಲ್ ಹೈದರ್ ಬರೆದದ್ದು. ಕಥೆ ಹೀಗಿದೆ. ದಂಗೆಯ ಕೈದಿಯಾಗಿ ಬಳ್ಳಾರಿಯಲ್ಲಿದ್ದ ಗಂಡ ಹಸನ್‌ಕುಟ್ಟಿಯ ಕಿವಿಗೆ ಊರಿನಿಂದ ಹೆಂಡತಿಯ ನಡತೆಯ ಬಗ್ಗೆ ಚಾಡಿ ಮಾತು ಮುಟ್ಟಿತು. ಅವನ ಮನಸ್ಸು ಮುರಿಯಿತು. ಇತ್ತ ಮರಿಯಕುಟ್ಟಿ ಹೋಗಿ ಎದುರು ನಿಂತು ಮಾತಾಡುವಂತಿಲ್ಲ, ನಡುವೆ ನೂರಾರು ಮೈಲಿ. ಅವಳು ಕವಿಯ ಬಳಿ ಹೋದಳು. ಹೈದರ್ ಅವಳ ಬಾಯಿಯ ಮಾತನ್ನು, ಅವಳ ನೋವನ್ನು, ಆಣೆ ಪ್ರಮಾಣಗಳನ್ನು ಹಾಡಾಗಿ ಕಟ್ಟಿ ಬಳ್ಳಾರಿಗೆ ಬರೆದುಕೊಟ್ಟರು. ಸಂಸಾರ ಉಳಿಯಿತೆಂದು ಹೇಳುತ್ತಾರೆ. ಹಾಡು ಉಳಿದದ್ದಂತೂ ನಿಜ. ಪತ್ರದ ಹಾಡು, 'ಕತ್ತ್ ಪಾಟ್ಟ್', ಮಾಪಿಳ್ಳೆ ಹಾಡುಗಳಲ್ಲಿ ಒಂದು ಪ್ರಕಾರವೇ ಆಗಿದೆ. 1970ರ ದಶಕದಲ್ಲಿ ಗಲ್ಫಿಗೆ ಹೋದ ಗಂಡಂದಿರ ಹೆಂಡತಿಯರ ಅಳಲನ್ನು ಎಸ್. ಎ. ಜಮೀಲ್ ಹಾಡಾಗಿಸಿದ್ದೂ ಇದೇ ದಾರಿಯಲ್ಲಿ.

ನಮ್ಮ ಕನ್ನಡ ಓದುಗರಿಗೆ ಈ ಹಾಡಿನ ಪರಿಚಯ ಇಲ್ಲ. ಬಳ್ಳಾರಿ ಜೈಲು ಎಂದರೆ ನಮಗೆ ನೆನಪಾಗುವುದು ಸ್ವಾತಂತ್ರ್ಯ ಚಳವಳಿಯ ನಾಯಕರು. 1930ರಲ್ಲಿ ಕಾಮರಾಜರೂ ಅಲ್ಲಿನ ಅಲೀಪುರ ಜೈಲಿನಲ್ಲಿದ್ದರು. ನಾಯಕರ ಪತ್ರಗಳನ್ನು ಮನೆಯವರು ಜೋಪಾನ ಮಾಡುತ್ತಾರೆ, ಪ್ರಕಾಶಕರು ಅಚ್ಚು ಹಾಕಿಸುತ್ತಾರೆ. ಸಾಮಾನ್ಯ ಕೈದಿಯ ಹೆಂಡತಿಯ ಪತ್ರ ಉಳಿಯಬೇಕಾದರೆ ಅದು ಹಾಡಾಗಬೇಕಾಯಿತು.

ಇನ್ನೂ ಒಂದು ಸಂಗತಿ. ಅಂಡಮಾನಿಗೆ ಕೈದಿಗಳನ್ನು ಕಳಿಸುವುದನ್ನು ನಿಲ್ಲಿಸುತ್ತೇವೆಂದು ಸರ್ಕಾರ 1921ರಲ್ಲಿ ಹೇಳಿತ್ತು. ಆದರೆ ಮದರಾಸು ಪ್ರಾಂತ್ಯದ ಜೈಲುಗಳು ತುಂಬಿದ್ದರಿಂದ ಸಾವಿರಕ್ಕೂ ಹೆಚ್ಚು ಮಾಪಿಳ್ಳೆ ಕೈದಿಗಳನ್ನು ಮತ್ತೆ ಅಲ್ಲಿಗೇ ಸಾಗಿಸಿದರು. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಅಲ್ಲೇ ನೆಲೆಸಿ ಎಂದರು. ಕೆಲವರು ಹೋದರು. ಇಂದಿಗೂ ದಕ್ಷಿಣ ಅಂಡಮಾನಿನಲ್ಲಿ ಕಲ್ಲಿಕೋಟೆ, ಮಂಜೇರಿ, ತಿರೂರು ಎಂಬ ಊರುಗಳಿವೆ. ವಂಡೂರು ಎಂಬ ಊರೂ ಇದೆ, ಹೈದರ್ ಕವಿಯ ಊರಿನ ಹೆಸರು. ಪ್ರವಾಸಿಗರು ಅದರ ಕಡಲ ದಂಡೆ ನೋಡಲು ಹೋಗುತ್ತಾರೆ.

ಖಾಲಾರ ಮಗನಿಗೂ ನಾನು ಕಾಗದ ಬರೆದೆ. ಹದಿನೈದು ಪೈಸೆಯ ಕಾರ್ಡು. ತಿಂಗಳಿಗೊಮ್ಮೆ ಬಸ್ಸಿನ ಖರ್ಚು ಹೊಂದಿಸುವುದೇ ಕಷ್ಟವಾಗಿದ್ದ ಮನೆಗೆ ಅದೇ ಮುಲಾಕಾತ್. ಅವರು ಹೊಸ್ತಿಲ ಮೇಲೆ ಕುಳಿತು ಹೇಳುತ್ತಿದ್ದರು, ನಾನು ಉರ್ದುವಿನಲ್ಲಿ ಬರೆಯುತ್ತಿದ್ದೆ. ಮೂರು ಕಾರ್ಡು ಹೋದವು. ಜವಾಬಿಲ್ಲ. ಮುಲಾಕಾತಿಗೆ ಹೋದಾಗ ಕೇಳಿದರೆ, ಒಂದೂ ಬಂದಿಲ್ಲ ಎಂದ. ಅಲ್ಲಿನ ವಾರ್ಡರ್ ಒಬ್ಬರು ಸಜ್ಜನರು, ನನ್ನನ್ನು ಕರೆದು ಹೇಳಿದರು: "ತಮ್ಮಾ, ಕನ್ನಡದಾಗ ಬರೀ. ಇಲ್ಲಿ ಓದಿ ಪಾಸ್ ಮಾಡೋರಿಗೆ ನಿಮ್ಮ ಅಕ್ಷರ ಬರೋದಿಲ್ಲ." ನಾಲ್ಕನೆಯ ಕಾರ್ಡನ್ನು ಕನ್ನಡದಲ್ಲಿ ಬರೆದೆ. ಬರೆದು ಮುಗಿಸಿ ಖಾಲಾರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ದು ಇದರಲ್ಲಿ ಎಲ್ಲಿದೆ ಬೇಟಾ?" ಎಂದರು. ಎಲ್ಲ ಇತ್ತು: ಕ್ಷೇಮ, ವಕೀಲರ ಮಾತು, ತಂಗಿಯ ಶಾಲೆ. ಅವರ ದಖ್ಖನಿ ಮಾತಿನ ಎಳೆತ ಇರಲಿಲ್ಲ. ಶಾಲೆಯ ರಜಾ ಅರ್ಜಿಯ ಕನ್ನಡವಷ್ಟೇ ನನಗೆ ಆಗ ಗೊತ್ತಿದ್ದದ್ದು. ಅದು ಮಗನಿಗೆ ಮುಟ್ಟಿತು.

ಯಾರು ಬರೆಯುತ್ತಾರೆ, ಯಾರು ನಡುವೆ ಓದುತ್ತಾರೆ ಎಂಬುದರ ಮೇಲೆ ಪತ್ರದ ಮಾತೇ ಬದಲಾಗುತ್ತದೆಂದು ನನಗೆ ಮೊದಲು ಗೊತ್ತಾದದ್ದು ಅಂದು. ಮುಂದೆ ಮೌಲಾನಾ ಆಜಾದರ 'ಗುಬಾರೆ ಖಾತಿರ್' ಓದುವಾಗ ಇದು ಮತ್ತೆ ನೆನಪಾಯಿತು.

1942ರ ಆಗಸ್ಟ್ 9ರ ನಸುಕಿನಲ್ಲಿ ಮುಂಬಯಿಯಲ್ಲಿ ಬಂಧಿಸಿದ ಕಾಂಗ್ರೆಸ್ ನಾಯಕರನ್ನು ಅಹ್ಮದ್‌ನಗರ ಕೋಟೆಗೆ ಒಯ್ದರು. ಆಜಾದ್ ಆಗ ಕಾಂಗ್ರೆಸ್ ಅಧ್ಯಕ್ಷರು. ಎಲ್ಲಿಟ್ಟಿದ್ದೇವೆಂದು ಸರ್ಕಾರ ಹೇಳಲಿಲ್ಲ. ಆರಂಭದಲ್ಲಿ ಪತ್ರಿಕೆಯೂ ಇಲ್ಲ, ಪತ್ರವೂ ಇಲ್ಲ. ಆಗಲೇ ಅವರು ಗೆಳೆಯ ಹಬೀಬುರ್ರಹಮಾನ್ ಖಾನ್ ಶೇರ್ವಾನಿಯವರಿಗೆ ಪತ್ರ ಬರೆಯತೊಡಗಿದರು. ಅವು ಹೋಗುವುದಿಲ್ಲವೆಂದು ಗೊತ್ತಿದ್ದೇ ಬರೆದರು. ಚಹಾದ ಬಗ್ಗೆ, ಕೋಣೆಗೆ ಬರುವ ಗುಬ್ಬಚ್ಚಿಗಳ ಬಗ್ಗೆ, ಸಂಗೀತದ ಬಗ್ಗೆ. ನಡುವೆ ಓದುವವರು ಯಾರೂ ಇಲ್ಲದ ಪತ್ರಗಳು. ಓದಬೇಕಾದವರ ಕೈಗೂ ಬಿಡುಗಡೆಯ ನಂತರವೇ ಹೋದವು, 1946ರಲ್ಲಿ ಪುಸ್ತಕವಾದವು.

ಮುಟ್ಟಬೇಕಾಗಿದ್ದ ಕಾಗದಗಳು ಬೇರೆ ಇದ್ದವು. ಹೆಂಡತಿ ಜುಲೈಖಾ ಬೇಗಂ ಕಲ್ಕತ್ತೆಯಲ್ಲಿ ಕಾಯಿಲೆಯಲ್ಲಿದ್ದರು. 1943ರ ವಸಂತದಲ್ಲಿ ಕಾಯಿಲೆ ಬಿಗಡಾಯಿಸಿದ ಸುದ್ದಿ ಬಂತು. ಸರ್ಕಾರಕ್ಕೆ ಏನಾದರೂ ಹೇಳುವುದಿದ್ದರೆ ತಕ್ಷಣ ತಲುಪಿಸುತ್ತೇನೆ ಎಂದರು ಸೂಪರಿಂಟೆಂಡೆಂಟ್. ಏನೂ ಕೇಳುವುದಿಲ್ಲ ಎಂದರು ಆಜಾದ್. ಆ ದಿನಗಳ ಒಂದು ವಿವರ ಅವರ ಪತ್ರದಲ್ಲಿದೆ. ಮಧ್ಯಾಹ್ನ ಜೈಲರ್ ಪತ್ರಿಕೆ ಹಿಡಿದು ಬರುವ ಹೆಜ್ಜೆಯ ಸದ್ದು ಕೇಳಿದೊಡನೆ ಎದೆ ಬಡಿದುಕೊಳ್ಳುತ್ತಿತ್ತು. ಆದರೂ ಅವರು ಏಳುತ್ತಿರಲಿಲ್ಲ, ಅವಸರವಿಲ್ಲದವರಂತೆ ತಮ್ಮ ಕೆಲಸದಲ್ಲೇ ಇರುತ್ತಿದ್ದರು. ಅದು ತೋರಿಕೆಯ ಧೈರ್ಯ ಎಂದು ತಾವೇ ಒಪ್ಪಿಕೊಂಡಿದ್ದಾರೆ. ಏಪ್ರಿಲ್ 9ರಂದು ಸಾವಿನ ತಂತಿ ಬಂತು. ಅವರು ಬಿಡುಗಡೆಯಾದದ್ದು 1945ರ ಜೂನ್‌ನಲ್ಲಿ. ಆ ತೋರಿಕೆಯ ಧೈರ್ಯವನ್ನು ದೊಡ್ಡ ಗುಣವೆಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಈಗ ಓದಿದರೆ ನನಗೆ ಜುಲೈಖಾ ಬೇಗಂ ನೆನಪಾಗುತ್ತಾರೆ. ಅವರು ಬರೆದದ್ದಾಗಲಿ, ಬರೆಸಿದ್ದಾಗಲಿ ಒಂದು ಸಾಲೂ ಆ ಪುಸ್ತಕದಲ್ಲಿಲ್ಲ.

ಫೈಜ್ ಅಹ್ಮದ್ ಫೈಜ್ ವಿಷಯದಲ್ಲಿ ಹೆಂಡತಿಯ ಪಾಲು ಸ್ವಲ್ಪ ಹೆಚ್ಚು ಕಾಣುತ್ತದೆ. 1951ರ ಮಾರ್ಚ್‌ನಲ್ಲಿ ರಾವಲ್ಪಿಂಡಿ ಸಂಚಿನ ಕೇಸಿನಲ್ಲಿ ಬಂಧಿಸಿ ಮೊದಲ ಮೂರು ತಿಂಗಳು ಒಂಟಿ ಕೋಣೆಯಲ್ಲಿಟ್ಟರು, ಹೊರಗಿನ ಸಂಪರ್ಕವಿಲ್ಲ. ಆಮೇಲೆ ಸಿಂಧ್‌ನ ಹೈದರಾಬಾದ್ ಜೈಲಿನಿಂದ ಆಲಿಸ್ ಅವರಿಗೆ ಬರೆದ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಉರ್ದುವಿನ ಮಹಾಕವಿ ತನ್ನ ಸೆರೆಮನೆಯ ಪತ್ರಗಳನ್ನು 1971ರಲ್ಲಿ ತಾನೇ ಉರ್ದುವಿಗೆ ಅನುವಾದಿಸಿ ಅಚ್ಚು ಹಾಕಿಸಬೇಕಾಯಿತು. 1952ರ ಜುಲೈನಲ್ಲಿ ಅಣ್ಣ ತುಫೈಲ್ ಮುಲಾಕಾತಿಗೆಂದು ಹೈದರಾಬಾದಿಗೆ ಬಂದವರು ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರು.

ನಮ್ಮದೇ ಕಾಲಕ್ಕೆ ಹತ್ತಿರದ್ದು ತುರ್ತುಪರಿಸ್ಥಿತಿ. ಬೆಂಗಳೂರಿನ ಈಗಿನ ಫ್ರೀಡಂ ಪಾರ್ಕ್ ಆಗ ಸೆಂಟ್ರಲ್ ಜೈಲು. ಮೀಸಾ ಕೈದಿ ಮಧು ದಂಡವತೆ ಅಲ್ಲಿದ್ದರು. ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿದ್ದರು. ಎರಡು ಜೈಲುಗಳ ನಡುವೆ ಹದಿನೆಂಟು ತಿಂಗಳಲ್ಲಿ ಸುಮಾರು 200 ಪತ್ರ ಓಡಾಡಿದವು. ಪುಸ್ತಕ, ಕವಿತೆ, ಸಂಗೀತದ ಮಾತೇ ಹೆಚ್ಚು. ಎರಡು ಕಡೆ ಸೆನ್ಸಾರ್ ಆಗುವ ಪತ್ರದಲ್ಲಿ ಗಂಡ ಹೆಂಡತಿ ಇನ್ನೇನು ಬರೆದಾರು! ಅದೇ ಬೆಂಗಳೂರು ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಕೊನೆಯುಸಿರೆಳೆದರು.

ದಂಡವತೆ ದಂಪತಿಗೆ ಕನಿಷ್ಠ ಪರಸ್ಪರರ ವಿಳಾಸ ಗೊತ್ತಿತ್ತು. ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್‌ನನ್ನು 1976ರ ಮಾರ್ಚ್ 1ರಂದು ಪೊಲೀಸರು ಕರೆದೊಯ್ದರು. ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಅವರು ಠಾಣೆ ಠಾಣೆ, ಜೈಲು ಜೈಲು ಅಲೆದರು. 'ಆಸಾಮಿಯನ್ನು ಹಾಜರುಪಡಿಸಿ' ಎಂದು ಕೋರ್ಟಿಗೆ ಹೋಗುವ ದಾರಿಗೆ ಹೇಬಿಯಸ್ ಕಾರ್ಪಸ್ ಎನ್ನುತ್ತಾರೆ. ಕೈದಿಯನ್ನು ಹುಡುಕಲು ಕಾನೂನು ಕೊಟ್ಟ ಅತಿ ಹಳೆಯ ಉಪಾಯ ಅದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಐವರಲ್ಲಿ ನಾಲ್ವರ ಬಹುಮತದಿಂದ, ತುರ್ತುಪರಿಸ್ಥಿತಿಯಲ್ಲಿ ಆ ದಾರಿಯೂ ಇಲ್ಲ ಎಂದಿತು. ಒಪ್ಪದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ತುರ್ತುಪರಿಸ್ಥಿತಿ ಮುಗಿದ ಮೇಲೆ, 1977ರ ಮಾರ್ಚ್‌ನಲ್ಲಿ, ವಾರಿಯರ್ ಕೇರಳ ಹೈಕೋರ್ಟಿಗೆ ಹೋದರು. ಮಗ ಪೊಲೀಸ್ ವಶದಲ್ಲಿದ್ದದ್ದು ನಿಜವೆಂದು ಏಪ್ರಿಲ್‌ನಲ್ಲಿ ನ್ಯಾಯಮೂರ್ತಿಗಳಾದ ಪೋಟ್ಟಿ ಮತ್ತು ಖಾಲಿದ್ ತೀರ್ಪಿತ್ತರು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಮಗನ ಶವ ಮಾತ್ರ ಎಂದೂ ಸಿಗಲಿಲ್ಲ. 1976ರ ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಸಾರಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ.

ಈಗಿನ ಕಾನೂನು ಮೊದಲಿಗಿಂತ ಸಾಕಷ್ಟು ಉತ್ತಮ. ಅದರ ಹಿಂದೆಯೂ ಪತ್ರಗಳೇ ಇರುವುದು ಸೋಜಿಗ. ತಿಹಾರ್ ಜೈಲಿನಲ್ಲಿ ಗಲ್ಲಿನ ಸಜೆಯಾಗಿದ್ದ ಸುನೀಲ್ ಬತ್ರಾ, ಇನ್ನೊಬ್ಬ ಕೈದಿಗೆ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಕಾಗದ ಬರೆದ. ಕೋರ್ಟು ಅದನ್ನೇ ಅರ್ಜಿಯಾಗಿ ಎತ್ತಿಕೊಂಡು 1979ರಲ್ಲಿ ತೀರ್ಪು ಕೊಟ್ಟಿತು. 1981ರ ಜನವರಿಯಲ್ಲಿ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣ ಬಂತು. ಐದು ವರ್ಷದ ಮಗಳನ್ನು ತಿಂಗಳಿಗೆ ಒಂದೇ ಸಲ ನೋಡಬಹುದೆಂಬ ನಿಯಮ ಸಲ್ಲದು, ಮನೆಯವರನ್ನೂ ವಕೀಲರನ್ನೂ ಕಾಣುವುದು ಬದುಕುವ ಹಕ್ಕಿನ ಭಾಗ ಎಂದಿತು ಕೋರ್ಟು. ಬಂಗಾಳದ ಡಿ. ಕೆ. ಬಸು 1986ರಲ್ಲಿ ಬರೆದ ಪತ್ರದಿಂದ ಹುಟ್ಟಿದ್ದು 1996ರ ಡಿಸೆಂಬರ್ ತೀರ್ಪು. ಬಂಧಿಸಿದವರು ಮನೆಯವರಿಗೆ ಎಲ್ಲಿಟ್ಟಿದ್ದೇವೆಂದು ತಿಳಿಸಲೇಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಮಿನಲ್ಲಿ ಅದೇ ಇದೆ. 37ನೇ ಕಲಮಿನ ಪ್ರಕಾರ ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರಕಟಿಸಬೇಕು. ವಕೀಲರಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು. 'ಇ-ಮುಲಾಕಾತ್' ಎಂದು ಕಂಪ್ಯೂಟರಿನಲ್ಲೇ ಭೇಟಿಯ ಸರದಿ ಕಾದಿರಿಸಬಹುದು, ಪರದೆಯ ಮೇಲೆ ಮುಖ ನೋಡಿ ಮಾತಾಡುವ ಅನುಕೂಲವೂ ಇದೆ.

ಆದರೆ ಕಂಪ್ಯೂಟರೂ ಕೇಳುವುದು ಹೆಸರನ್ನೇ, ನಂಬರನ್ನೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಅವರ ಮನೆಯವರಲ್ಲಿ ಎಷ್ಟು ಜನರಿಗೆ ಮಗನ ಹೆಸರು ಪೊಲೀಸ್ ಕಾಗದದಲ್ಲಿ ಯಾವ ಕಾಗುಣಿತದಲ್ಲಿದೆ ಎಂದು ಗೊತ್ತಿರುತ್ತದೆ? ಇಂದಿಗೂ ಯಾರಾದರೂ ನನ್ನನ್ನು ಈ ವಿಷಯಕ್ಕೆ ಕೇಳಲು ಬಂದರೆ ನಾನು ಮೊದಲು ಹೇಳುವುದು ಇಷ್ಟೇ: ಎಫ್‌ಐಆರ್‌ನ ನಕಲು ತೆಗೆದುಕೊಳ್ಳಿ, ಕ್ರೈಂ ನಂಬರ್ ಬರೆದಿಟ್ಟುಕೊಳ್ಳಿ, ಅದರಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಹೇಳಿ, ತಪ್ಪಿದ್ದರೂ ಸರಿ. ಮುಂದಿನ ವಾಯಿದೆ ಯಾವ ಕೋರ್ಟಿನಲ್ಲಿದೆ ಎಂದು ಕೇಳಿಕೊಳ್ಳಿ, ಜೈಲು ಬದಲಾಯಿಸಿದ್ದರೂ ಅಲ್ಲಿಗೆ ಕರೆತರಲೇಬೇಕು, ಇಲ್ಲವೇ ಪರದೆಯ ಮೇಲೆ ತೋರಿಸಬೇಕು.

ಖಾಲಾರ ಮಗನಿಗೆ ಹದಿನಾಲ್ಕು ತಿಂಗಳ ಮೇಲೆ ಕೇಸು ಖುಲಾಸೆಯಾಯಿತು. ಹೊರಬರುವ ದಿನ ಅವನ ಬೆಲ್ಟು, ಕೈಗಡಿಯಾರ, ಹನ್ನೊಂದು ರೂಪಾಯಿಯ ಜೊತೆಗೆ ನನ್ನ ಮೂರು ಉರ್ದು ಕಾರ್ಡುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ವಾಪಸು ಕೊಟ್ಟರು. ಯಾರೂ ಹರಿದು ಬಿಸಾಡಿರಲಿಲ್ಲ. ಮನೆಗೆ ಬಂದ ರಾತ್ರಿ ಅವನು ಅವನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ, ಖಾಲಾ ತಮ್ಮ ಮಾತನ್ನು ತಾವೇ ಕೇಳುತ್ತ ಕುಳಿತಿದ್ದರು. ಮೂರನೆಯದರಲ್ಲಿ ಮನೆಯ ಮೇಕೆ ಎರಡು ಮರಿ ಹಾಕಿದ ಸುದ್ದಿ ಇತ್ತು. "ಎಲ್ಲಿವೆ?" ಎಂದು ಅವನು ಕೇಳಿದ. ತಾಯಿ ಮೇಕೆಯನ್ನೂ ಮರಿಗಳನ್ನೂ ವಕೀಲರ ಫೀಸಿಗೆ ಮಾರಿ ಆಗಲೇ ಎಂಟು ತಿಂಗಳಾಗಿತ್ತು.